ಕಿಕ್ಕೂ ಗೇರೂ ಒಂದೇ ಕೋಲು

ಮೊದಲ ಭಾಗದಲ್ಲಿ ಲೆಜೆಂಡರಿ ಆಯುಧ ನೂರ ಹನ್ನೆರಡು.
ಅಷ್ಟನ್ನೂ ಹೆತ್ತವಳು ನಾನೇ, ಮುಚ್ಚಿಡುವುದೇನು,
ಹೆಚ್ಚಿನವು ಬರೀ ಅಂಕಿ.
ಇದಕ್ಕೆ ನಲವತ್ತು ಪೆಟ್ಟು, ಅದಕ್ಕೆ ನಲವತ್ತೈದು,
ನೆತ್ತಿಗೊಂದು ಕಿತ್ತಳೆ ಬಣ್ಣದ ಹೆಸರು,
ಹೆಸರಿನಡಿ ಓರೆ ಅಕ್ಷರದಲ್ಲಿ
ಎರಡು ಸಾಲು ಸುಳ್ಳು ಪುರಾಣ.

ಪೆಟ್ಟಿಗೆ ಒಡೆದರೆ ಉದುರುತ್ತಿದ್ದವು,
ಜಯನಗರದ ರಸ್ತೆಗೆ ಟಬೆಬುಯಾ ಹೂ ಉದುರಿದ ಹಾಗೆ:
ಮೊದಲ ದಿನ ಫೋಟೊ,
ಮೂರನೆಯ ದಿನ ಪೊರಕೆ.
ಆಟದೊಳಗಿನ ಕುಳ್ಳ ಕಮ್ಮಾರನಿಗೆ
ಸೇರಿನ ಲೆಕ್ಕದಲ್ಲಿ ಮಾರಿ ಹೋದರು ಜನ.

ಈಗ ಎರಡನೇ ಭಾಗ.
"ಇನ್ನೂ ದೊಡ್ಡದು ಮಾಡಿ" ಅಂದರು ದುಡ್ಡು ಹಾಕಿದವರು.
ವಿಲ್ಸನ್ ಗಾರ್ಡನ್ನಿನ ಮೂರನೇ ಮಹಡಿ,
ಕೆಳಗಿನ ಹಿಟ್ಟಿನ ಗಿರಣಿಯ ನಡುಕ
ಮೇಜು ಹತ್ತಿ ಕೀಬೋರ್ಡಿಗೆ ಬರುತ್ತಿತ್ತು.
ನಲವತ್ತನ್ನು ನಾನೂರು ಮಾಡಿದೆ,
ರಾಕ್ಷಸರ ಆಯಸ್ಸನ್ನೂ ಹತ್ತರಿಂದ ಗುಣಿಸಿದೆ,
ಆಡಿ ನೋಡಿದೆ.
ಏನೂ ಆಗಿರಲಿಲ್ಲ.

ಆಟ ಪರೀಕ್ಷಿಸುವ ಸಂಪಂಗಿಯ ಕೈಯಲ್ಲಿ ಮಾತ್ರ
ಇನ್ನೂ ಅದೇ ಗಂಡುಗೊಡಲಿ.
ಹನ್ನೆರಡನೇ ಮಟ್ಟದಲ್ಲಿ ಸಿಕ್ಕಿದ್ದು, ಅರವತ್ತಕ್ಕೆ ಲಾಯಕ್ಕಲ್ಲ.
ಅದಕ್ಕೊಂದು ಐಬು: ಎಸೆದರೆ, ಮರಳಿ ಬರುವಾಗ
ಎಸೆದವನ ಭುಜವನ್ನೇ ಸೀಳುತ್ತದೆ.
ಗಡುವಿನ ರಾತ್ರಿ ನಾನು ಬರೆದ ತಪ್ಪು, ತಿದ್ದಲು ಮರೆತದ್ದು.
"ಅದು ಬರೋ ಹೊತ್ತಿಗೆ ಬಲಕ್ಕೆ ಉರುಳ್ಬೇಕು ಮೇಡಂ,
ಉರುಳಿದ್ರೆ ಹಿಂದೆ ನಿಂತಿರೋ ಕಳ್ಳ ಸಾಯ್ತಾನೆ.
ದಮ್ಮಯ್ಯ, ತಿದ್ಬೇಡಿ."

ಅವನ ಯೆಜ್ಡಿಗೆ ಒಂದು ವಾಷರ್ ಬೇಕಿತ್ತು.
ಸಂಜೆ ಜೇಸಿ ರಸ್ತೆಗೆ ಜೊತೆಗೆ ಹೋದೆ.
ಖುದ್ದೂಸ್ ಸಾಬರ ಅಂಗಡಿ ನಾಲ್ಕಡಿ ಅಗಲ,
ಗೋಡೆ ತುಂಬ ಸತ್ತ ಗಾಡಿಗಳ ಕರುಳು.
"ಇದ್ರಲ್ಲಿ ಕಿಕ್ಕೂ ಗೇರೂ ಒಂದೇ ಕೋಲಮ್ಮಾ.
ಒಳಕ್ಕೆ ಒತ್ತಿ ತಿರುಗಿಸಿದ್ರೆ ಕಿಕ್ಕು,
ಗಾಡಿ ಎದ್ಮೇಲೆ ಅದೇ ಗೇರು.
ಗೊತ್ತಿಲ್ದೋನು ಕದ್ದರೆ
ಟೌನ್ ಹಾಲ್ ಸಿಗ್ನಲ್ಲೂ ದಾಟಲ್ಲ."
ಮತ್ತೆ, ವಾಷರಿಗೆ ಗ್ರೀಸು ಸವರುತ್ತ,
"ಸತ್ತ ಗಾಡೀನ ನಾನು ತೂಕಕ್ಕೆ ಹಾಕಲ್ಲ.
ಅದರ ಒಂದು ಒಳ್ಳೇ ಗುಣ ಬಿಚ್ಚಿಟ್ಕೋತೀನಿ,
ಇನ್ನೊಂದಕ್ಕೆ ಬರುತ್ತೆ."
ವಾಷರಿಗೆ ಐದು ರೂಪಾಯಿ ತಗೊಂಡರು.
ಉಳಿದದ್ದಕ್ಕೆ ಏನೂ ಕೇಳಲಿಲ್ಲ.

ರಾತ್ರಿ ಹಾಳೆ ತೆರೆದು
ಅಂಕಿಗಳ ಇಡೀ ಸಾಲನ್ನು ಅಳಿಸಿದೆ.
ಪೆಟ್ಟು ಎಷ್ಟೆಂದು ಯಾವ ವೀರಗಲ್ಲೂ ಹೇಳುವುದಿಲ್ಲ;
ಯಾರ ತುರುಗಳಿಗೆ ಅಡ್ಡ ನಿಂತ, ಎಲ್ಲಿ ಬಿದ್ದ,
ಅಷ್ಟೆ.

ಹಾವುಗೆ: ಮೆಟ್ಟಿದವನು ಹಿಂದಡಿ ಇಡಲಾರ.
ಗುರಾಣಿ: ತಡೆದ ಒಂದೊಂದು ಏಟನ್ನೂ ನೆನಪಿಟ್ಟು
ಭಾರವಾಗುತ್ತ ಹೋಗುತ್ತದೆ; ಕೈಸೋತು ಕೆಳಗೆ ಬಿಟ್ಟರೆ
ಅಷ್ಟೂ ಏಟು ಒಮ್ಮೆಗೇ ನೆಲದಿಂದೇಳುತ್ತದೆ.
ಸುರಗಿ: ಒರೆಯೊಳಗೆ ಇರುವಷ್ಟು ಹೊತ್ತು ಹರಿತ.
ಮುರಿದರೆ ಯಾವುದೂ ಚಿಲ್ಲರೆಯಾಗದು,
ತನ್ನ ಚಾಳಿಯನ್ನು ಇನ್ನೊಂದಕ್ಕೆ ದಾಟಿಸಿ ಸಾಯಬೇಕು.
ಉಂಗುರ: ಇನ್ನೂ ಗೊತ್ತಿಲ್ಲ.
ಖಾಲಿ ಬಿಟ್ಟಿದ್ದೇನೆ.

ನೂರ ಹನ್ನೆರಡು ಹೋಗಿ ಹನ್ನೊಂದಾಯಿತು.
"ಬರೀ ಹನ್ನೊಂದಾ?" ಫೋನಿನಲ್ಲಿ ಮೌನ.
ಗಿರಣಿ ನನ್ನ ಪರವಾಗಿ ಸ್ವಲ್ಪ ಹೊತ್ತು ಗುಡುಗಿತು.

ಹನ್ನೊಂದನೆಯದು ಗಂಡುಗೊಡಲಿ.
ಪುರಾಣ ತೆಗೆದು ಅದರಡಿ ನಿಜ ಬರೆದೆ:
"ಒಬ್ಬಳ ಅವಸರದಲ್ಲಿ ಹುಟ್ಟಿದ್ದು.
ಯಜಮಾನನನ್ನು ಗುರುತಿಸುವುದಿಲ್ಲ."

ಇವತ್ತು ಬೆಳಿಗ್ಗೆ ಹೊಸ ಆಟದಲ್ಲಿ ಸಂಪಂಗಿ ಅದನ್ನೆಸೆದ.
ಎಸೆದು, ಕುರ್ಚಿಯಲ್ಲೇ ಬಲಕ್ಕೆ ವಾಲಿದ.
ಅವನ ಬೆನ್ನ ಹಿಂದೆ ಕಾಫಿ ಹಿಡಿದು ನಿಂತಿದ್ದ ಜೊವಿಟಾ,
ಈ ಆಟ ಒಮ್ಮೆಯೂ ಆಡದವಳು,
ಥಟ್ಟನೆ ಪಕ್ಕಕ್ಕೆ ಸರಿದಳು,
ಲೋಟ ತುಳುಕಿತು.